ಅಗ್ಗದ ಹೊತ್ತಿನ ಯಜಮಾನ

ಬಸ್ ನಿಲ್ದಾಣದಲ್ಲಿ ಸೀಟಿ ಊದಿ ಬಸ್ಸು ಬಿಡುವುದು ಟೈಂಕೀಪರನ ಕಸುಬಾಗಿತ್ತು. ಹೊತ್ತಾಯಿತೆಂದರೆ ಊದಿದನೇ. ಹೆಂಗಸು ಕೂಸು ಎತ್ತಿಕೊಂಡು ಓಡಿ ಬರುತ್ತಿದ್ದರೂ ಅಷ್ಟೇ, ಮುದುಕ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರೂ ಅಷ್ಟೇ. ಇಂಥವನು ನಿವೃತ್ತನಾಗಿ, ಬಿಡುವುದಕ್ಕೆ ಬಸ್ಸಿಲ್ಲದೆ ಕೈ ಹಿಸುಕಿಕೊಳ್ಳುತ್ತಿದ್ದಾಗ ಕರೆಂಟಿಗೆ ಹೊಸ ದರ ಬಂತು: ಬೆಳಿಗ್ಗೆ, ಸಂಜೆ ಊರೆಲ್ಲ ಕರೆಂಟು ಎಳೆಯುವ ಹೊತ್ತಿನಲ್ಲಿ ದುಬಾರಿ, ಹಗಲು ಹತ್ತರಿಂದ ಸಂಜೆಯವರೆಗೆ ಅಗ್ಗ.

ಮಾತೇನೋ ಸರಿಯಾದದ್ದೇ. ತಲೆ ಇದ್ದವರು ಬಟ್ಟೆ ಒಗೆಯುವ ಮಷೀನನ್ನು ಹಗಲಿಗೆ ತಳ್ಳಿ, ಉಳಿದಷ್ಟು ಉಳಿಸಿ ಸುಮ್ಮನಾದರು. ಈತ ಮನೆಯನ್ನೇ ಬಸ್ ನಿಲ್ದಾಣ ಮಾಡಿದ. ಹತ್ತು ಹೊಡೆಯುವ ತನಕ ಯಾರಿಗೂ ಬಿಸಿನೀರಿಲ್ಲ. ಸಂಜೆ ಬಂದ ನೆಂಟರು ನಿಂತ ಫ್ಯಾನಿನ ರೆಕ್ಕೆ ನೋಡುತ್ತ ಬೆವರಬೇಕು.

ಇದರ ಏಟೆಲ್ಲ ಬಿದ್ದದ್ದು ಹೆಂಡತಿಯ ಮೇಲೆ. ಆಕೆ ಹೊಲಿಗೆಯವಳು. ಆಸ್ಪತ್ರೆಯ ದಾದಿಯರ ಮೇಲಂಗಿ ಹೊಲಿಯುವ ಕೆಲಸ ಮೊದಲ ಸಲ ಸಿಕ್ಕಿತ್ತು. ಹೇಳಿದ ಮಧ್ಯಾಹ್ನಕ್ಕೆ ಇಸ್ತ್ರಿ ಮಾಡಿ ಕೊಟ್ಟರೆ ವರ್ಷದ ಕೆಲಸವೂ ಅವಳದ್ದೇ. ತಪ್ಪಿದರೆ ಪೇಟೆಯ ದರ್ಜಿಯದು.

ಆ ದಿನ ಬೆಳಿಗ್ಗೆ ಆಕೆ ಇಸ್ತ್ರಿಪೆಟ್ಟಿಗೆ ಹಿಡಿದಳು. ಗಂಡ ಪ್ಲಗ್ಗು ಕಿತ್ತ.

“ರೀ, ಮಧ್ಯಾಹ್ನ ಅವರ ಗಾಡಿ ಬರುತ್ತೆ. ಇನ್ನೂ ರಾಶಿ ಬಿದ್ದಿದೆ.”

“ಹತ್ತಾಗ್ಲಿ. ಆಮೇಲೆ ಎಷ್ಟು ಬೇಕಾದ್ರೂ ತಿಕ್ಕು. ಹೊತ್ತಿಗೆ ಮುಂಚೆ ಒಂದು ಬಸ್ಸೂ ಬಿಟ್ಟವನಲ್ಲ ನಾನು.”

“ಗೊತ್ತು. ಜನಾನ ಹತ್ತೋಕೂ ಬಿಟ್ಟವರಲ್ಲ!”

ಹತ್ತು ಹೊಡೆಯಿತು. ಮಹಾರಾಯ ಸೀಟಿ ಊದಿದ, ನಡುಮನೆಯಲ್ಲಿ ನಿಂತು! ಗೀಸರು, ನೀರಿನ ಪಂಪು, ಒಗೆಯುವ ಮಷೀನು, ರುಬ್ಬುವ ಯಂತ್ರ, ಇಸ್ತ್ರಿಪೆಟ್ಟಿಗೆ, ಎಲ್ಲವನ್ನೂ ಒಂದೇ ಉಸಿರಿಗೆ ಹಾಕಿದ. ಹಳೆಯ ಮನೆ, ಹಳೆಯ ವೈರು. ಬಾಗಿಲ ಮೇಲಿನ ಫ್ಯೂಸು ಬೋರ್ಡು ಚಟಚಟನೆ ಸಿಡಿದು ಹೊಗೆ ಕಾರಿತು. ಮನೆ ಗಪ್ಪಾಯಿತು.

ಬೀದಿ ತುದಿಯ ಎಲೆಕ್ಟ್ರಿಷಿಯನ್ ಬಂದು ಮೂಗು ಮುಚ್ಚಿಕೊಂಡ. “ಎಲ್ಲಾ ಒಟ್ಟಿಗೆ ಹಾಕಿದ್ರಾ ಯಜಮಾನ್ರೇ?”

“ಹೊತ್ತು ಅಂದ್ರೆ ಹೊತ್ತು.”

“ಅಗ್ಗದ ಹೊತ್ತು ಸಂಜೆತನಕ ಇರುತ್ತಲ್ಲ ಸ್ವಾಮಿ, ಅದೇನು ಬಸ್ಸಾ ಬಿಟ್ಟು ಹೋಗೋಕೆ? ಒಳಗೆಲ್ಲ ಕರಗಿದೆ. ಇವತ್ತಂತೂ ಆಗಲ್ಲ.”

ಹೆಂಡತಿ ಈ ಪಂಚಾಯಿತಿ ಕೇಳುತ್ತ ನಿಲ್ಲಲಿಲ್ಲ. ಅಂಗಿಗಳನ್ನೆಲ್ಲ ಹೊದಿಕೆಯಲ್ಲಿ ಗಂಟು ಕಟ್ಟಿ, ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಪಕ್ಕದ ಮನೆಗೆ ನುಗ್ಗಿದಳು.

“ಅಕ್ಕಾ, ಒಂದು ಪ್ಲಗ್ಗು ಕೊಡಿ.”

“ಪ್ಲಗ್ಗೇನು, ವರಾಂಡಾನೇ ತಗೋ. ನಿಮ್ಮನೆಯವರನ್ನ ಮಾತ್ರ ಕರ್ಕೊಂಡು ಬರಬೇಡ.”

ಅಕ್ಕ ಮಡಿಸಿದಳು, ಈಕೆ ತಿಕ್ಕಿದಳು. ಗಾಡಿ ಬಂದಾಗ ಕೊನೆಯ ಅಂಗಿ ಇನ್ನೂ ಬಿಸಿಯಾಗಿತ್ತು. ಹಿರಿಯ ದಾದಿ ಕಾಲರು, ಅಂಚು, ಗುಂಡಿ ಎಳೆದು ನೋಡಿ, ವರ್ಷದ ಕೆಲಸ ನಿನಗೇ ಎಂದಳು.

ಸಂಜೆ ಆಕೆ ಹೊಲಿಗೆ ಯಂತ್ರವನ್ನೂ ಅಕ್ಕನ ವರಾಂಡಕ್ಕೆ ಹೊರಿಸಿದಳು, ಬಾಡಿಗೆ ಮಾತಾಡಿಕೊಂಡು. ಗಂಡ ಗೇಟಿನ ಬಳಿ ಬಂದು ಹಲ್ಲು ಕಿರಿದ. ಮಾನಗೆಟ್ಟವನಿಗೆ ಆಗಲೂ ಲಾಭವೇ ಕಂಡದ್ದು.

“ಒಳ್ಳೇದೇ ಆಯ್ತು ಬಿಡು. ಇನ್ನು ನಮ್ಮ ಮೀಟ್ರು ಓಡೋದೇ ಇಲ್ಲ.”

“ಹೂಂ, ನನ್ನ ದುಡಿಮೇನೂ ಇನ್ನು ಆ ಮನೇಲಿ ಓಡಲ್ಲ. ಹೊಸ ವೈರು ಹಾಕಿಸೋಕೆ ನಿಮ್ಮ ಪಿಂಚಣಿ ಬಿಚ್ಚಿ.”

ಕತ್ತಲಾಗುತ್ತಿತ್ತು, ದಿನದಲ್ಲೇ ದುಬಾರಿ ಹೊತ್ತು. ಆಕೆ ವರಾಂಡದ ದೀಪ ಹಾಕಿ, ಫ್ಯಾನು ತಿರುಗಿಸಿ, ಹೊಲಿಗೆ ಯಂತ್ರದ ಮೋಟಾರು ಒತ್ತಿದಳು.