ಕೊನೆಯ ತೂತಿನ ಪೆನ್ನು

ಚಳಿಗಾಲ ಇನ್ನೇನು ಮುಗಿಯಬೇಕು, ಬೆಳಗಿನ ಐದೂವರೆ. ಇಪ್ಪತ್ತೆರಡು ವರ್ಷದ ಹಿಂದೆ ಇದು ಶುರುವಾದದ್ದೂ ಇಂಥದೇ ದಿನಗಳಲ್ಲಿ, ಇದೇ ಹೊತ್ತಿಗೆ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯ ಬಾಗಿಲು ಕಿರುಗುಟ್ಟುತ್ತದೆ. ಹನಿಯಕ್ಕ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಾಳೆ. ಹೋದವಳೇ ದೀಪ ಹಾಕುವುದಿಲ್ಲ. ಒಂದು ನಿಮಿಷ ಕತ್ತಲಲ್ಲೇ ನಿಂತಿರುತ್ತಾಳೆ. ಆಮೇಲೆ ಸ್ವಿಚ್ಚಿನ ಸದ್ದು.

ಗೋಡೆಯಿಂದ ಮುಂದಕ್ಕೆ ಚಾಚಿದ ಒಂದು ಹಲಗೆ. ಅದರಲ್ಲಿ ಸಾಲಾಗಿ ಇಪ್ಪತ್ತು ತೂತು. ತೂತಿಗೊಂದು ಪೆನ್ನು ಮುಚ್ಚಳವಿಲ್ಲದೆ, ನಿಬ್ಬು ಕೆಳಗಾಗಿ ನೇತಾಡುತ್ತಿರುತ್ತದೆ. ನಿಬ್ಬಿಗೂ ಕೆಳಗೆ ಹಾಸಿದ ಬಿಳಿ ಕಾಗದಕ್ಕೂ ಒಂದು ಬೆರಳಿನ ಅಂತರ. ಯಾವ ಪೆನ್ನಿನ ಕೆಳಗೆ ಕಲೆ ಬಿದ್ದಿದೆಯೋ ಅದು ಸೋರುತ್ತದೆ ಎಂದರ್ಥ, ಬಿಚ್ಚಿ ಮತ್ತೆ ಮಾಡಬೇಕು. ಹನಿಯಕ್ಕ ಮೊದಲ ತೂತಿನಿಂದ ನೋಡುತ್ತಾ ಬರುತ್ತಾಳೆ. ಬಿಳಿ, ಬಿಳಿ, ಬಿಳಿ. ಇಪ್ಪತ್ತನೆಯದರ ಹತ್ತಿರ ಬಂದಾಗ ನಡಿಗೆ ನಿಧಾನವಾಗುತ್ತದೆ. ಅಲ್ಲಿ ಕಾಗದದ ಮೇಲೆ ಒಂದು ಹನಿ, ಇನ್ನೂ ಒದ್ದೆ.

ಆಕೆಯ ಕಸುಬು ಹೇಳಲು ಸುಲಭ. ಬಜಾರಿನ ಅಗ್ಗದ ಇಂಕ್ ಪೆನ್ನಿನ ಹೊಟ್ಟೆಯೊಳಗೆ ಒಂದು ಸಣ್ಣ ಕೊಳವೆ ಇರುತ್ತದೆ. ಅದರಲ್ಲಿ ಹಿಡಿಯುವುದು ಹನ್ನೆರಡು ಹನಿ ಇಂಕು. ಸುತ್ತಲಿನ ಜಾಗವೆಲ್ಲ ದಂಡ. ಹನಿಯಕ್ಕ ಆ ಕೊಳವೆ ಕಿತ್ತು ಪಕ್ಕಕ್ಕಿಡುತ್ತಾಳೆ. ಪೆನ್ನಿನ ಬುಡದಲ್ಲಿ ಗಾಳಿಗೆಂದು ತೂತು ಬಿಟ್ಟಿದ್ದರೆ ಅರಗು ಕರಗಿಸಿ ಮುಚ್ಚುತ್ತಾಳೆ. ತಿರುಪು ಕೂರುವ ಕಡೆ ಕೂದಲಿಗಿಂತ ಸ್ವಲ್ಪ ದಪ್ಪದ ರಬ್ಬರ್ ಉಂಗುರ ಹಾಕಿ, ಬೆಂಕಿಕಡ್ಡಿಯ ತುದಿಯಿಂದ ಗ್ರೀಸ್ ಸವರುತ್ತಾಳೆ. ಆಮೇಲೆ ಡ್ರಾಪರ್ ಹಿಡಿದು ಪೆನ್ನಿನ ಮೈಯೊಳಕ್ಕೇ ಇಂಕು ಬಿಡುತ್ತಾಳೆ. ಒಂದು, ಎರಡು, ಮೂರು ಎಂದು ತುಟಿಯಲ್ಲೇ ಎಣಿಸುತ್ತಾ ಅರವತ್ತರವರೆಗೆ. ಹನಿಯಕ್ಕ ಎಂಬ ಹೆಸರು ಬಂದದ್ದು ಹೀಗೆ. ನನಗಿಂತ ಮೂವತ್ತು ವರ್ಷ ಚಿಕ್ಕವಳು, ಆದರೂ ನನಗೂ ಅಕ್ಕನೇ.

ದಿನಕ್ಕೆ ಹದಿನೈದು ಪೆನ್ನು, ಪರೀಕ್ಷೆಯ ತಿಂಗಳಲ್ಲಿ ನಲವತ್ತು. ನ್ಯಾಯಾಲಯದ ನಕಲು ಬರೆಯುವವರು ಬರುತ್ತಾರೆ. ಒಬ್ಬ ಡಾಕ್ಟರಮ್ಮ ಬರುತ್ತಾರೆ, ಅವರ ಅಕ್ಷರ ಅವರಿಗೇ ಓದಲು ಬರುವುದಿಲ್ಲ, ಇಂಕು ಮಾತ್ರ ಜಾಸ್ತಿ ಬೇಕು. ನಿವೃತ್ತರಾದ ಗಣಿತದ ಮೇಷ್ಟ್ರು ದಿನಾ ಬರುತ್ತಾರೆ. ಅವರಿಗೆ ಪೆನ್ನು ಒಂದು ನೆಪ, ಮನೆಯಲ್ಲಿ ಅವರ ಮಾತು ಕೇಳುವವರಿಲ್ಲ.

ಇದು ಆಕೆಗೆ ಅಪ್ಪನಿಂದ ಬಂದ ಕೆಲಸ. ಅಪ್ಪ ಕಲಿಸಿದ್ದರಲ್ಲಿ ಎಲ್ಲಕ್ಕಿಂತ ಮೊದಲನೆಯದು, ಅರೆಹೊಟ್ಟೆಯ ಪೆನ್ನನ್ನು ಯಾರ ಕೈಗೂ ಕೊಡಬಾರದು ಎಂಬುದು. ತುಂಬಿದ ಪೆನ್ನಿನಲ್ಲಿ ಗಾಳಿಗೆ ಜಾಗವಿಲ್ಲ. ಅರ್ಧಕ್ಕಿಂತ ಕೆಳಗಿಳಿದರೆ ಒಳಗೆಲ್ಲ ಗಾಳಿ. ಬರೆಯುವವರ ಕೈ ಬಿಸಿ ತಾಗಿ ಆ ಗಾಳಿ ಉಬ್ಬುತ್ತದೆ, ಇಂಕನ್ನು ಹೊರಕ್ಕೆ ತಳ್ಳುತ್ತದೆ. "ಆಗ ಪೆನ್ನು ಕಕ್ಕುತ್ತೆ" ಅನ್ನುತ್ತಾಳೆ ಹನಿಯಕ್ಕ. "ಯಾವ ಸಾಲಿನ ಮೇಲೆ ಕಕ್ಕುತ್ತೆ ಅಂತ ಬ್ರಹ್ಮನಿಗೂ ಗೊತ್ತಾಗಲ್ಲ."

ಈ ಮಾತನ್ನು ಆಕೆ ನೂರಾರು ಜನರಿಗೆ ಹೇಳಿದ್ದಾಳೆ. ಹೇಳದೆ ಬಿಟ್ಟದ್ದು ಒಬ್ಬರಿಗೆ.

ಆಗ ಆಕೆಗೆ ಹತ್ತೊಂಬತ್ತು. ಅಪ್ಪ ಹಾಸಿಗೆ ಹಿಡಿದಿದ್ದರು, ಅಂಗಡಿ ಆಕೆಯ ಕೈಗೆ ಬಂದಿತ್ತು. ಅಣ್ಣ ಏಳು ವರ್ಷ ದೊಡ್ಡವನು, ಗುಮಾಸ್ತನ ಕೆಲಸದ ಪರೀಕ್ಷೆ ಬರೆಯುವವನಿದ್ದ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು, ಅದೇ ಕೊನೆಯ ಸಲ. ಬೆಳಿಗ್ಗೆ ಐದೂವರೆಗೆ ಬಂದು, ಬಸ್ಸಿಗೆ ಹೊತ್ತಾಯಿತು, ಪೆನ್ನು ಕೊಡು ಎಂದ. ಬಾಟಲಿಯ ತಳದಲ್ಲಿದ್ದದ್ದು ಇಪ್ಪತ್ತು ಹನಿ. ಹೊಸ ಬಾಟಲಿ ಮನೆಯಲ್ಲಿತ್ತು, ಹೋಗಿ ಬರಲು ಹತ್ತು ನಿಮಿಷ ಬೇಕು. ಮೂರು ಗಂಟೆ ಬರೆಯಲು ಇಪ್ಪತ್ತು ಹನಿ ಧಾರಾಳ ಎಂದುಕೊಂಡಳು. ಅಣ್ಣನಿಗೆ ಏನೂ ಹೇಳದೆ ಪೆನ್ನು ತಿರುಪಿ ಕೊಟ್ಟಳು.

ಮೂರನೇ ಪುಟದಲ್ಲಿ ಪೆನ್ನು ಕಕ್ಕಿತು. ಉತ್ತರದ ಕಾಗದದ ಮೇಲೆ ಗುರುತಾಗುವಂಥ ಯಾವ ಕಲೆಯೂ ಇರಬಾರದು ಎಂಬುದು ಆ ಪರೀಕ್ಷೆಯ ನಿಯಮ. ಮೇಲ್ವಿಚಾರಕ ಬಂದು ನೋಡಿ, ಕಾಗದ ಎತ್ತಿಕೊಂಡು ಹೋದನಂತೆ. ಅಣ್ಣ ಸಂಜೆ ಬಂದ. ಬೈಯಲಿಲ್ಲ. ಕೊನೆಯ ತೂತು ಖಾಲಿಯಿತ್ತು, ಪೆನ್ನನ್ನು ತಾನೇ ಅದರಲ್ಲಿ ಇಳಿಬಿಟ್ಟ. "ಈ ಸಲ ಪೂರ್ತಿ ತುಂಬಿಡು. ಬಂದು ತಗೋತೀನಿ" ಎಂದು ಹೇಳಿ ಹೋದ. ಅಷ್ಟೇ. ಹುಡುಕಿದರು, ಪೊಲೀಸರಿಗೆ ಹೇಳಿದರು, ದೂರದ ಊರುಗಳ ಆಸ್ಪತ್ರೆಗಳಲ್ಲಿ ಕೇಳಿ ಬಂದರು. ಒಂದು ಸುದ್ದಿಯೂ ಇಲ್ಲ, ಒಂದು ಕಾಗದವೂ ಇಲ್ಲ.

ಅವನು ಹೇಳಿದಂತೆ ಅವತ್ತೇ ಅರವತ್ತು ಹನಿ ತುಂಬಿ ನೇತುಹಾಕಿದಳು. ಮರುದಿನ ಬೆಳಿಗ್ಗೆ ಕಾಗದದ ಮೇಲೆ ಕಲೆ ಕಂಡಿತು.

ಮೊದಲು ತನ್ನ ಕೈಗೆಲಸದ ಮೇಲೇ ಅನುಮಾನ. ಉಂಗುರ ಬದಲಿಸಿದಳು, ಅರಗು ಕೆತ್ತಿ ಮತ್ತೆ ಹಾಕಿದಳು, ಗ್ರೀಸ್ ಒರೆಸಿ ಹೊಸದು ಸವರಿದಳು. ದಿನಾ ಬೆಳಗಾದರೆ ಒಂದು ಹನಿ. ವರ್ಷಗಟ್ಟಲೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಕೈ ಕೆಟ್ಟವಳು ಎಂದಾರು ಎಂಬ ಅಳುಕು. ಕೊನೆಗೆ ಮೇಷ್ಟ್ರು ಒಂದು ಬೆಳಿಗ್ಗೆ ಬೇಗ ಬಂದಿದ್ದಾಗ ಕಣ್ಣಿಗೆ ಬಿತ್ತು. ಮೇಷ್ಟ್ರಿಗೆ ಖುಷಿಯೋ ಖುಷಿ. ಆ ಮೂಲೆಯ ಗೋಡೆಯ ಹಿಂದೆ ಬೇಕರಿ ಇದೆ, ನಾಲ್ಕಕ್ಕೇ ಒಲೆ ಹಚ್ಚುತ್ತಾರೆ, ಗೋಡೆ ಕಾದು ಗಾಳಿ ಉಬ್ಬುತ್ತದೆ, ಇಷ್ಟಕ್ಕೆ ಇಷ್ಟು ವರ್ಷ ಹೆದರಿದ್ದೀಯಲ್ಲ ಎಂದು ಗೇಲಿ ಮಾಡಿದರು. ಹಲಗೆಯನ್ನು ಎದುರು ಗೋಡೆಗೆ ಬದಲಿಸಿದರು. ಕಲೆ ನಿಲ್ಲಲಿಲ್ಲ. ಬೇಕರಿಯವನ ಮಗಳ ಮದುವೆಗೆ ಎಂಟು ದಿನ ಒಲೆ ಆರಿತ್ತು. ಆ ಎಂಟು ದಿನವೂ ಕಲೆ ಬಿತ್ತು.

ಆಮೇಲೆ ಮೇಷ್ಟ್ರು ಒಳಗಿನ ಇಂಕು ಎಣಿಸಿದರು. ರಾತ್ರಿ ಬಾಗಿಲು ಹಾಕುವಾಗ ತುಂಬಿಟ್ಟದ್ದು ಅರವತ್ತು. ಬೆಳಿಗ್ಗೆ ಡ್ರಾಪರಿನಲ್ಲಿ ಎಳೆದು ಎಣಿಸಿದರೆ ನಲವತ್ತು. ಇಪ್ಪತ್ತು ಕಡಿಮೆ. ಮರುದಿನವೂ ಇಪ್ಪತ್ತು. ವಾರ ಪೂರ್ತಿ ಇಪ್ಪತ್ತು. ಕಾಗದದ ಮೇಲೆ ಬಿದ್ದಿರುವುದು ಒಂದೇ ಹನಿ.

"ಹತ್ತೊಂಬತ್ತು ಎಲ್ಲಿ ಹೋಯ್ತಮ್ಮ?" ಎಂದರು ಮೇಷ್ಟ್ರು. ಅವತ್ತು ಅವರ ಮುಖದಲ್ಲಿ ಗೇಲಿ ಇರಲಿಲ್ಲ.

ಹನಿಯಕ್ಕ ಪೆನ್ನು ಒರೆಸುತ್ತಾ ಕೂತಿದ್ದಳು. "ಕೈ ಬಿಸಿ ತಾಗದೆ ಪೆನ್ನು ಕಕ್ಕೋದಿಲ್ಲ ಮೇಷ್ಟ್ರೇ. ರಾತ್ರಿ ಇದನ್ನ ಯಾರೂ ಮುಟ್ಟಿಲ್ಲ. ಇದು ಯಾರ ಕೈ ಬಿಸಿ, ನೀವೇ ಹೇಳಿ."

ಎದುರಿಗಿನ ಬೀಗದ ಅಂಗಡಿ ನನ್ನದು. ಕಳ್ಳಕೈ ಯಾವುದಾದರೂ ಇದ್ದರೆ ಸಿಗಲಿ ಎಂದು ಒಂದು ತಗಡಿನ ಪೆಟ್ಟಿಗೆ ಮಾಡಿಕೊಟ್ಟೆ. ಒಳಗೇ ತೂತಿನ ಹಲಗೆ, ಕೆಳಗೆ ಕಾಗದ. ಎರಡು ಬೀಗ, ಒಂದರ ಕೀಲಿ ಆಕೆಯದು, ಇನ್ನೊಂದರದ್ದು ನನ್ನ ಸೊಂಟದಲ್ಲಿ. ಬೆಳಿಗ್ಗೆ ಮೂವರೂ ನಿಂತು ತೆಗೆದೆವು. ಬೀಗ ನಾನು ಹಾಕಿದ ಹಾಗೇ ಇತ್ತು. ಬೀಗ ಮುಟ್ಟಿದರೆ ನನಗೆ ಗೊತ್ತಾಗದೆ ಇರುವುದಿಲ್ಲ. ಕಾಗದದ ಮೇಲೆ ಒಂದು ಹನಿ. ಮೇಷ್ಟ್ರು ಪೆನ್ನು ಎತ್ತಿಕೊಂಡವರು ತಕ್ಷಣ ನನ್ನ ಕೈಗೆ ಕೊಟ್ಟರು. ಚಳಿಗೆ ತಗಡು ಮಂಜಿನ ಹಾಗಿತ್ತು. ಪೆನ್ನೂ ತಣ್ಣಗಿತ್ತು, ಬರೆಯುವಾಗ ಮೂರು ಬೆರಳು ಹಿಡಿಯುವ ಜಾಗ ಬಿಟ್ಟು. ಅಲ್ಲಿ ಬೆಚ್ಚಗಿತ್ತು, ಯಾರೋ ಈಗಷ್ಟೇ ಕೆಳಗಿಟ್ಟ ಹಾಗೆ.

ಆವತ್ತಿನಿಂದ ಮೇಷ್ಟ್ರು ಒಳಗೆ ಬರುವ ಮುಂಚೆ ಹೊಸಿಲಿನ ಮೇಲೆ ಎರಡು ಸಲ ಬೆರಳಿನಿಂದ ತಟ್ಟುತ್ತಾರೆ. ಯಾರಿಗೆ ಅಂತ ನಾನು ಕೇಳಿಲ್ಲ.

ಹನಿಯಕ್ಕನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಳ್ಳೆಯವನು, ಬಾಯಿ ಸ್ವಲ್ಪ ಚುರುಕು. ಊಟದ ಡಬ್ಬಿ ತಂದಾಗ ಕೊನೆಯ ತೂತಿನ ಕಡೆ ನೋಡಿ, ನಿಮ್ಮಣ್ಣ ಡಿಪೋದಲ್ಲಿದ್ದಿದ್ದರೆ ದಿನಾ ಟೈಮಿಗೆ ಬಂದದ್ದಕ್ಕೆ ಬಹುಮಾನ ಸಿಗುತ್ತಿತ್ತು ಎನ್ನುತ್ತಾನೆ. ಆಕೆ ನಗುತ್ತಾಳೆ. ಅವನೂ ನಗುತ್ತಾನೆ. ಆದರೆ ಅವನು ಆ ಕಡೆಗೆ ಬೆನ್ನು ಹಾಕಿ ಕೂತದ್ದನ್ನು ನಾನು ಕಂಡಿಲ್ಲ.

ಈಗ ತೊಂದರೆ ಬಂದಿರುವುದು ಕಟ್ಟಡಕ್ಕೆ. ಮಾಲೀಕರು ಮಾರಿದ್ದಾರೆ, ಕೆಡವುತ್ತಾರೆ. ಈ ತಿಂಗಳ ಕೊನೆಯೊಳಗೆ ಎಲ್ಲರೂ ಖಾಲಿ ಮಾಡಬೇಕು. ಬೇಕರಿಯವನು ಆಗಲೇ ಹೋದ. ನೀರಿನ ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಗಂಡ ಒಂದು ಜಾಗ ನೋಡಿದ್ದಾನೆ, ಕಿಟಕಿಯೂ ಇದೆ. ಹನಿಯಕ್ಕ ಮಾತ್ರ ಏಳುವುದಿಲ್ಲ. ಎರಡು ನೋಟಿಸು ಬಂದವು, ಎರಡನ್ನೂ ಪೆನ್ನಿನ ಕೆಳಗಿನ ಕಾಗದ ಮಾಡಿಕೊಂಡಳು. ಮೂರನೆಯದನ್ನು ಬಾಗಿಲಿಗೆ ಅಂಟಿಸಿದ್ದಾರೆ, ಸಾಮಾನು ಬೀದಿಗೆ ಹಾಕುತ್ತೇವೆ ಎಂದು.

"ಬಂದು ತಗೋತೀನಿ ಅಂದಿದಾನೆ ದೊಡ್ಡಪ್ಪ" ಎಂದಳು ನನಗೆ. "ಅವನು ಬಂದು ಇಲ್ಲಿ ಮಣ್ಣಿನ ಗುಡ್ಡೆ ನೋಡಿದ್ರೆ? ಒಂದು ಸಲ ನಾನು ಹತ್ತು ನಿಮಿಷ ಉಳಿಸ್ಕೊಳ್ಳೋಕೆ ಹೋಗಿ ಹೀಗಾಯ್ತು. ಇನ್ನೊಂದು ಸಲ ನಾನೇ ಎದ್ದು ಹೋಗ್ಲಾ?"

ಹಾಗಾದರೆ ಪೆನ್ನನ್ನು ಜೊತೆಗೇ ತೆಗೆದುಕೊಂಡು ಹೋಗು ಎಂದೆ. ಆಗದು ಎಂದು ತಲೆಯಾಡಿಸಿದಳು. ಬರೆಯುತ್ತಿರುವವರ ಕೈಯಿಂದ ಪೆನ್ನು ಕಿತ್ತುಕೊಳ್ಳುವುದು ಹೇಗೆ ಎಂದು ಕೇಳಿದಳು. ಮೇಲ್ವಿಚಾರಕ ಒಂದು ಸಲ ಕಾಗದ ಕಿತ್ತುಕೊಂಡಿದ್ದಾನೆ, ಸಾಲದೇ ಎಂದಳು.

ಆಕೆಯ ಬಗ್ಗೆ ನಾಲ್ಕು ಜನಕ್ಕೆ ತಿಳಿಯಲಿ ಎಂದು ಇಲ್ಲಿಯವರೆಗೆ ಬರೆದು ಇಟ್ಟಿದ್ದೆ. ಪತ್ರಿಕೆಗೆ ಕಳುಹಿಸುವ ಮುಂಚೆ ಸೋಮವಾರ ಬಂತು.

ಐದೂವರೆಗೆ ಬಾಗಿಲು ಕಿರುಗುಟ್ಟಿತು. ದೀಪ ಹತ್ತಿತು. ಎಷ್ಟು ಹೊತ್ತಾದರೂ ಬಾಟಲಿಯ ಸದ್ದಿಲ್ಲ, ಪೆನ್ನು ತೊಳೆಯುವ ನೀರಿನ ಸದ್ದಿಲ್ಲ. ಆಮೇಲೆ ಆಕೆ ಬಾಗಿಲಿಗೆ ಬಂದು ನಿಂತು, "ದೊಡ್ಡಪ್ಪ, ಸ್ವಲ್ಪ ಬನ್ನಿ" ಎಂದಳು. ಮೆಲ್ಲಗೆ, ಮಗು ಮಲಗಿರುವ ಮನೆಯಿಂದ ಕರೆದ ಹಾಗೆ.

ಇಪ್ಪತ್ತು ಪೆನ್ನಿನ ಕೆಳಗೂ ಕಾಗದ ಬೆಳ್ಳಗಿತ್ತು. ಕೊನೆಯದನ್ನು ಇಳಿಸಿದೆ. ಬೆರಳು ಹಿಡಿಯುವ ಜಾಗವೂ ಮಿಕ್ಕದ್ದರ ಹಾಗೇ ತಣ್ಣಗಿತ್ತು. ಆಕೆ ತಿರುಪು ಬಿಚ್ಚಿ, ಡ್ರಾಪರಿನಲ್ಲಿ ಎಳೆದು ಎಣಿಸಿದಳು. ನಾನೂ ಜೊತೆಗೆ ಎಣಿಸಿದೆ. ಐವತ್ತೆಂಟು, ಐವತ್ತೊಂಬತ್ತು, ಅರವತ್ತು.

"ಬರೆದು ಮುಗಿಸ್ದ" ಎಂದಳು ಹನಿಯಕ್ಕ.

ಮಂಗಳವಾರವೂ ಕಾಗದ ಬಿಳಿ. ಅವತ್ತು ಮಧ್ಯಾಹ್ನ ಆ ಪೆನ್ನು ಹಿಡಿದು ಮೊದಲ ಸಲ ಬರೆಯಲು ಕೂತಳು. ಗಿರಾಕಿಗಳಿಗೆ ಕೊಡಲು ಹೊಸ ವಿಳಾಸ, ಒಂದು ಹಾಳೆಗೆ ಹತ್ತು ಸಲ, ಆಮೇಲೆ ಕತ್ತರಿಸಿ ಹಂಚುವುದಕ್ಕೆ. ನೀರಿನ ಟ್ಯಾಂಕಿನ ಹಿಂದಿನ ಬೀದಿ, ಎಡಗಡೆ ಎರಡನೇ ಬಾಗಿಲು. ಒಂದು ಹಾಳೆ ಆಯಿತು, ಎರಡಾಯಿತು. ಮೂರನೆಯದಕ್ಕೆ ಬಂದಾಗ ಕೈ ನಿಧಾನವಾಯಿತು. ಮೇಷ್ಟ್ರು ನಿಂತೇ ಇದ್ದರು. ಗಂಡ ಡಬ್ಬಿ ಕೆಳಗಿಡದೆ ಹಾಗೇ ಹಿಡಿದುಕೊಂಡಿದ್ದ. ಮೂರನೇ ಹಾಳೆಯ ಕೊನೆಯ ಸಾಲು ಬರೆದು, ಹಾಳೆಯನ್ನು ಬೆಳಕಿಗೆ ಎತ್ತಿ ಹಿಡಿದಳು.

"ನೋಡಿ, ಒಂದು ಕಲೆ ಇಲ್ಲ" ಎಂದಳು. ಹಾಳೆ ಕೆಳಗಿಟ್ಟು, "ನನ್ನ ಕೈಯಿಂದ ಹೋದ ಪೆನ್ನು ಇನ್ನು ಯಾರ ಕಾಗದಾನೂ ಕೆಡಿಸದಿದ್ರೆ ಸಾಕು" ಎಂದಳು.

ಹಲಗೆ ಬಿಚ್ಚಿದರು, ಬಾಟಲಿಗಳನ್ನು ಹಳೆ ಬಟ್ಟೆಯಲ್ಲಿ ಸುತ್ತಿದರು. ಕೊನೆಯ ತೂತಿನ ಪೆನ್ನಿಗೆ ಇಪ್ಪತ್ತೆರಡು ವರ್ಷದ ಮೇಲೆ ಮುಚ್ಚಳ ಹಾಕಿ ಸೆರಗಿನಲ್ಲಿ ಕಟ್ಟಿಕೊಂಡಳು. ಹೊರಡುವಾಗ ಖಾಲಿ ಗೂಡಿನ ಹೊಸಿಲ ಮೇಲೆ ಎರಡು ಸಲ ಬೆರಳಿನಿಂದ ತಟ್ಟಿದಳು. ಒಳಗಿನಿಂದ ಯಾವ ಸದ್ದೂ ಬರಲಿಲ್ಲ.

ಅಣ್ಣ ಬರೆದು ಮುಗಿಸಿ ಹೋದದ್ದು ಸೋಮವಾರ. ಹನಿಯಕ್ಕ ಹೋದದ್ದು ಬುಧವಾರ, ಬೆಳಗಿನ ಐದೂವರೆಗೆ.