ಬಂತು ಎನ್ನುತ್ತಿದ್ದ ಪೆಟ್ಟಿಗೆ

ನನ್ನ ಗಂಡ ಸಿದ್ದರಾಜು ಬ್ಯಾಟರಿ ಮೆಕ್ಯಾನಿಕ್. ಯುಪಿಎಸ್, ಇನ್ವರ್ಟರ್ ರಿಪೇರಿ ಮಾಡುತ್ತಿದ್ದರು. ಸ್ಕೂಟರಿನ ಮುಂದೆ ಡಿಸ್ಟಿಲ್ಡ್ ವಾಟರ್ ಕ್ಯಾನು, ಹಿಂದೆ ಟೂಲ್ಸ್ ಡಬ್ಬ. ಶ್ರೀನಗರದಿಂದ ಜೆ.ಪಿ. ನಗರದವರೆಗೆ ತಿರುಗುತ್ತಿದ್ದರು. ಆಸಿಡ್ ಸಿಡಿದು ಪ್ಯಾಂಟಿನಲ್ಲೆಲ್ಲ ತೂತು. ನಾನು ಹೊಲಿಯುತ್ತಿದ್ದೆ, ಮತ್ತೆ ತೂತಾಗುತ್ತಿತ್ತು. ಕೆಲಸ ಮುಗಿದ ಮನೆಯಲ್ಲಿ ಕಾಫಿ ಕೊಟ್ಟರೂ ಕೂರುವವರಲ್ಲ. ಡಬ್ಬ ಮುಚ್ಚಿ ಹೊರಟೇಬಿಡುವರು. "ಯಾಕ್ರೀ, ಒಂದ್ಗಳಿಗೆ ಕೂತ್ರೆ ಏನಾಗುತ್ತೆ?" ಎಂದರೆ, "ಕೆಲಸ ಇಲ್ದೋನು ಬೇರೆಯವರ ಮನೇಲಿ ಯಾಕೆ ಕೂರ್ಬೇಕು?" ಎನ್ನುವರು.

ವೈಶಾಖ ಹುಣ್ಣಿಮೆಗೆ ಬುದ್ಧವಿಹಾರಕ್ಕೆ ಹೋಗಲೆಂದು ಮಾತ್ರ ತೂತಿಲ್ಲದ ಒಂದು ಬಿಳಿ ಪ್ಯಾಂಟು ಇತ್ತು. ಈ ವರ್ಷ ಹುಣ್ಣಿಮೆಗೆ ಮುಂಚೆಯೇ ಅದನ್ನು ಹಾಕಿಸಿ ಕಳಿಸಿದೆವು. ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಬ್ಯಾಟರಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದವರು ಹಾಗೆಯೇ ಕೂತರಂತೆ, ಮತ್ತೆ ಏಳಲಿಲ್ಲ. ಬ್ಯಾಟರಿಯನ್ನು ಮೊದಲು ಮೆಲ್ಲಗೆ ಕೆಳಗಿಟ್ಟು ಆಮೇಲೆ ಕೂತರು ಎಂದು ವಾಚ್‌ಮನ್ ಹೇಳಿದ.

ಹೊಸಕೆರೆಹಳ್ಳಿಯ ಬಾಡಿಗೆ ಮನೆಯಲ್ಲಿ ಉಳಿದದ್ದು ನಾನು, ಕಣ್ಣು ಕಾಣದ ನನ್ನ ಅತ್ತೆ ನಾಗಲಕ್ಷ್ಮಮ್ಮ, ಮತ್ತೆ ಪೆಟ್ಟಿಗೆ.

ಪೆಟ್ಟಿಗೆಯ ಕಥೆ ಹೇಳಬೇಕು. ಬನಶಂಕರಿಯಲ್ಲಿ ಶ್ರೀಕರ್ ಎನ್ನುವವರದು ಕಾಫಿಪುಡಿ ಅಂಗಡಿ. ಅಂಗಡಿಯ ಯುಪಿಎಸ್ ನೋಡಲು ಹೋಗಿ ಇವರಿಗೆ ಸ್ನೇಹವಾಯಿತು. ಅವರಿಗೆ ಬಿಟ್‌ಕಾಯಿನ್ ಹುಚ್ಚು. ಇವರಿಗೂ ಹಿಡಿಸಿದರು. ಒಂದು ದಿನ ಇವರು ಅಂಗೈಯಗಲದ ಪೆಟ್ಟಿಗೆಯೊಂದನ್ನು ತಂದು ಬುದ್ಧನ ಫೋಟೋ ಕೆಳಗಿನ ಸ್ಟ್ಯಾಂಡಿನ ಮೇಲಿಟ್ಟರು.

"ಇದೇನ್ರೀ, ಟಿಫನ್ ಡಬ್ಬಿ ಥರ?"

"ಕಾವಲುಗಾರ ಕಣೇ."

"ನಮ್ಮನೇಲಿ ಕಾಯೋಕೆ ಏನಿದೆ?"

"ಅದಕ್ಕೇ ಚಿಕ್ಕದು ತಂದಿರೋದು."

ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೆ ತಿಳಿಯುವ ಹಾಗೆ ಇವರು ಹೇಳಿದ್ದು ಇಷ್ಟು. ಲೋಕಕ್ಕೆಲ್ಲ ಕಾಣುವ ಒಂದು ಗೋಡೆ ಇದೆ ಎಂದುಕೊಳ್ಳಬೇಕು. ಹೆಚ್ಚುಕಮ್ಮಿ ಹತ್ತು ನಿಮಿಷಕ್ಕೊಂದು ಹಾಳೆ ಆ ಗೋಡೆಗೆ ಬಂದು ಅಂಟುತ್ತದೆ. ಆ ಹಾಳೆಗೆ ಬ್ಲಾಕ್ ಎನ್ನುತ್ತಾರೆ. ಅಂಟಿದ್ದನ್ನು ಯಾರೂ ಕೀಳುವ ಹಾಗಿಲ್ಲ. ಇವರೂ ಶ್ರೀಕರ್ ಅವರೂ ಸೇರಿ ಆ ಗೋಡೆಯಲ್ಲಿ ಒಂದಿಷ್ಟು ದುಡ್ಡು ಕಟ್ಟಿಟ್ಟು, ತಮ್ಮಿಬ್ಬರ ನಡುವೆ ಒಂದು ಚಾನೆಲ್ ಮಾಡಿಕೊಂಡಿದ್ದರು. ಸರ್ವಿಸಿನ ದುಡ್ಡು, ಕಾಫಿಪುಡಿಯ ದುಡ್ಡು ಅದರೊಳಗೇ ಆಕಡೆ ಈಕಡೆ ಹೋಗುತ್ತಿತ್ತು. ಪ್ರತಿ ಸಲವೂ ಯಾರ ಪಾಲು ಎಷ್ಟು ಎಂದು ಹೊಸ ಚೀಟಿಗೆ ಇಬ್ಬರ ಸಹಿ. ಆಗ ಹಳೆಯ ಚೀಟಿ ಸತ್ತ ಹಾಗೆ. ಸಾಕು ಎನಿಸಿದ ದಿನ ಕೊನೆಯ ಚೀಟಿಯನ್ನು ಗೋಡೆಗೆ ಹಾಕಿ ಅವರವರ ಪಾಲು ತೆಗೆದುಕೊಳ್ಳುವುದು.

"ಯಾರಾದ್ರೂ ಸತ್ತ ಚೀಟಿ ಹಾಕಿದ್ರೆ?"

"ಇನ್ನೊಬ್ಬನ ಪೆಟ್ಟಿಗೆ ಅದನ್ನ ಹಿಡಿಯುತ್ತೆ. ಹಾಕಿದವನ ಪಾಲನ್ನೂ ಸೇರಿಸಿ ಎಳ್ಕೊಂಡುಬಿಡುತ್ತೆ. ಅದು ದಂಡ."

"ನೋಡ್ದೇ ಇದ್ರೆ?"

"ಅದಕ್ಕೇ ಇದು ನಿದ್ದೆ ಮಾಡಲ್ಲ ಕಣೇ. ಒಂದೊಂದು ಹಾಳೇನೂ ನೋಡುತ್ತೆ."

ಪೆಟ್ಟಿಗೆ ನೋಡುತ್ತಿದೆಯೋ ಇಲ್ಲವೋ ನಮಗೆ ತಿಳಿಯಲಿ ಎಂದು ಇವರು ತಮ್ಮದೇ ದನಿ ಹಾಕಿದ್ದರು. ಹಾಳೆ ಬಂದಾಗಲೆಲ್ಲ ಅದು "ಬಂತು" ಎನ್ನುತ್ತಿತ್ತು. ಒಂದೇ ಮಾತು, ಬೀಡಿ ಸೇದಿ ಒರಟಾದ ದನಿಯಲ್ಲಿ. ಅತ್ತೆ ಎಲ್ಲೇ ಕೂತಿದ್ದರೂ "ಹೂಂ ಕಣಪ್ಪ" ಎನ್ನುವರು. ಮಗ ಎದುರಿಗೇ ಕೂತು ಊಟ ಮಾಡುತ್ತಿದ್ದರೂ ಪೆಟ್ಟಿಗೆಗೆ ಉತ್ತರ ಕೊಡುವರು. "ನಂಗೂ ಒಂದು ಹೂಂ ಅನ್ನಮ್ಮ" ಎಂದು ಇವರು ರೇಗಿಸುವರು.

ಇವರನ್ನು ಮಣ್ಣು ಮಾಡಿ ಬಂದು ಎಲ್ಲರೂ ಚಾಪೆಯ ಮೇಲೆ ಕೂತಿದ್ದೆವು. ಪೆಟ್ಟಿಗೆ "ಬಂತು" ಎಂದಿತು. ಯಾರೋ ಹೆಂಗಸು ಕಿರುಚಿದಳು. ಮೈದುನ ವೆಂಕಟಸ್ವಾಮಿ ಎದ್ದು ಪ್ಲಗ್ಗಿಗೆ ಕೈ ಹಾಕಿದ.

"ಆಫ್ ಮಾಡ್ತೀನಿ ಅತ್ತಿಗೆ. ಜನ ಹೆದರ್ಕೋತಾರೆ."

"ಹೆದರೋರು ಎದ್ದು ಹೋಗ್ಲಿ," ಎಂದೆ.

ಯಾರೂ ಹೋಗಲಿಲ್ಲ. ಅತ್ತೆ "ಹೂಂ ಕಣಪ್ಪ" ಎಂದರು.

ಆಮೇಲೆ ನಾನು ಆ ದನಿಯ ಜೊತೆ ಬದುಕಿದೆ. ಅಕ್ಕಿ ಆರಿಸುವಾಗ ಬಂತು. ಬಟ್ಟೆ ಹಿಂಡುವಾಗ ಬಂತು. ಕೆಲವು ಸಲ ಒಂದರ ಬೆನ್ನಿಗೇ ಇನ್ನೊಂದು ಬರುತ್ತಿತ್ತು. ಕೆಲವು ಸಲ ಗಂಟೆಯಾದರೂ ಇಲ್ಲ. ಅದು ಹಾಗೆಯೇ, ಹಾಳೆ ಬರಲು ಗೊತ್ತಾದ ಹೊತ್ತಿಲ್ಲ. ಆದರೂ ಆಗ ನಾನು ಕೂರಲಾರೆ. ಇವರು ಮಳೆಯಲ್ಲಿ ಸಿಕ್ಕಿ ತಡವಾದಾಗ ಮಾಡುತ್ತಿದ್ದ ಹಾಗೆ ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದೆ. ಮನೆಯಲ್ಲಿ ಯಾರೋ ಇದ್ದಾರೆ, ನಾನು ತಿರುಗಿದಾಗ ಮಾತ್ರ ಇಲ್ಲ, ಎನ್ನುವ ಹಾಗೆ ಇತ್ತು. ನನಗೆ ಅದು ಸಾಕಾಗಿತ್ತು.

ಮನೆಯ ಬ್ಯಾಟರಿಗೆ ನೀರು ಹಾಕುತ್ತಿದ್ದವರು ಇವರೇ. ಇವರು ಹೋದ ಮೇಲೆ ಯಾರೂ ಹಾಕಲಿಲ್ಲ. ನನಗೆ ನೆನಪೂ ಆಗಲಿಲ್ಲ. ಶ್ರಾವಣದಲ್ಲಿ ಒಂದು ದಿನ ಕರೆಂಟ್ ಹೋಗಿ ಬಂದು, ಹೋಗಿ ಬಂದು ಮಾಡಿತು. ಒಣಗಿದ ಬ್ಯಾಟರಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಊರಿನ ಬ್ಯಾಟರಿಗಳಿಗೆಲ್ಲ ನೀರು ಕುಡಿಸಿದವರ ಮನೆಯಲ್ಲಿ ಹೀಗಾಯಿತು. ಪೆಟ್ಟಿಗೆಯ ಹಸಿರು ದೀಪ ಆರಿತು. ಕರೆಂಟ್ ಬಂದರೂ ಹತ್ತಲಿಲ್ಲ.

ಅತ್ತೆ ತಟ್ಟೆ ಮುಂದಿಟ್ಟುಕೊಂಡು ಕೂತರು. ತುತ್ತು ಎತ್ತಲಿಲ್ಲ.

"ಯಾಕೆ ಮಾತಾಡ್ತಿಲ್ಲ ಅವ್ನು? ನೀನೇನಾದ್ರೂ ಅಂದ್ಯಾ?"

"ನಾನೇನೂ ಅಂದಿಲ್ಲ ಅತ್ತೆ."

"ಅಂದಿರ್ತೀಯ. ನಿನ್ ಬಾಯಿ ನಂಗೆ ಗೊತ್ತಿಲ್ವಾ."

ಮಾರನೇ ದಿನವೂ ಅಷ್ಟೆ. ಮನೆ ಬಾವಿಯ ಹಾಗಾಯಿತು. ಶ್ರೀಕರ್ ಅವರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಅಂಗಡಿಯಲ್ಲಿ ಅವರ ಹೆಂಡತಿ ಶಾಂತಲಾ ಇದ್ದರು. ಹತ್ತು ದಿನ ಮಾತಾಡದೆ ಕೂರುವ ಧ್ಯಾನದ ಶಿಬಿರಕ್ಕೆ ಹೋಗಿದ್ದಾರೆ, ಫೋನನ್ನು ಅಲ್ಲಿಯವರು ಬಾಗಿಲಲ್ಲೇ ಇಸಿದುಕೊಂಡಿದ್ದಾರೆ ಎಂದರು. ಗಲ್ಲಾದ ಹಿಂದೆ ಅವರ ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು. ಅದು ಮಾತಾಡುವುದಿಲ್ಲ, ನೋಡುತ್ತದೆ ಅಷ್ಟೇ.

ನಾನು ಕಾಯಲಿಲ್ಲ. ಟೂಲ್ಸ್ ಡಬ್ಬದಲ್ಲಿ ರಬ್ಬರ್ ಗ್ಲೌಸಿನೊಳಗೆ ಸುತ್ತಿಟ್ಟಿದ್ದ ಹಾರ್ಡ್‌ಡಿಸ್ಕ್ ನೆನಪಾಯಿತು. ಯುಗಾದಿಯ ಹೊತ್ತಿಗೆ ಇವರು ಪೆಟ್ಟಿಗೆ ಕ್ಲೀನ್ ಮಾಡುವಾಗ ಅದರಲ್ಲಿ ಒಂದು ಕಾಪಿ ತೆಗೆದಿಟ್ಟಿದ್ದರು. ಪೆಟ್ಟಿಗೆ, ಡಿಸ್ಕು ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ಲ್ಯಾಪ್‌ಟಾಪ್ ರಿಪೇರಿ ಮಾಡುವ ಮನೋಜನ ಅಂಗಡಿಗೆ ಹೋದೆ.

"ಆಂಟಿ, ಒಳಗಿನ ಡಿಸ್ಕ್ ಸುಟ್ಟೋಗಿದೆ. ಈ ಕಾಪಿ ಯುಗಾದಿ ಟೈಮಿಂದು. ಆಮೇಲಿಂದೇನೂ ಇರಲ್ಲ."

"ಮಾತಾಡುತ್ತಾ?"

"ಆವತ್ತು ಹೆಂಗಿತ್ತೋ ಹಂಗೇ ಇರುತ್ತೆ."

"ಹಂಗಾದ್ರೆ ಹಾಕಪ್ಪ."

ಯುಗಾದಿಗೆ ಇವರು ಇದ್ದರು. ನನಗೆ ಬೇಕಾದದ್ದೂ ಅದೇ.

ಮಧ್ಯಾಹ್ನ ಮನೆಗೆ ತಂದು ಪ್ಲಗ್ ಹಾಕಿದೆ. ಹಸಿರು ದೀಪ ಹತ್ತಿತು. ಸ್ವಲ್ಪ ಹೊತ್ತು ಸುಮ್ಮನಿದ್ದು "ಬಂತು" ಎಂದಿತು. ನಾನು ನೆಲದ ಮೇಲೆ ಕೂತುಬಿಟ್ಟೆ. "ಬಂತು" ಎಂದಿತು. ಮತ್ತೆ "ಬಂತು". ಬಂತು, ಬಂತು, ಬಂತು. ನಿಲ್ಲಲೇ ಇಲ್ಲ. ಯುಗಾದಿಯಿಂದ ತಾನು ನೋಡದೇ ಬಿಟ್ಟ ಹಾಳೆಗಳನ್ನೆಲ್ಲ ಅದು ಒಂದೊಂದಾಗಿ ನೋಡುತ್ತಿತ್ತು. ಒಂದನ್ನೂ ಬಿಡುವುದಿಲ್ಲವಲ್ಲ.

"ಯಾಕೋ ಹಂಗೆ ಕೂಗ್ತೀಯ? ಹೂಂ ಅಂದೆ, ಇರೋ!" ಅತ್ತೆ ಒಳಗಿಂದ ಗದರಿದರು.

ಪೆಟ್ಟಿಗೆಯ ಮುಖದಲ್ಲಿ ಬೆರಳುದ್ದದ ಗಾಜು. ಯಾವ ದಿನದ ಹಾಳೆ ಎಂದು ಅದರಲ್ಲಿ ತೋರಿಸುತ್ತದೆ. ಅಂಕಿ ಓದಲು ನನಗೆ ಬರುತ್ತದೆ. ಏಪ್ರಿಲ್ ಕಳೆಯಿತು. ಮೇ ಬಂತು. ಇವರು ಹೋದ ದಿನ ಹತ್ತಿರ ಬರುತ್ತಿತ್ತು. ಪ್ಲಗ್ ಕಿತ್ತುಬಿಡೋಣ, ಅಲ್ಲಿಗೇ ನಿಲ್ಲಲಿ ಎನಿಸಿತು. ಕೈ ಏಳಲಿಲ್ಲ. ಆ ದಿನ ಬಂತು. ಆ ದಿನದ ಬೆಳಗಿನ ಹಾಳೆಗಳು, ಇವರು ಇಡ್ಲಿ ತಿಂದು ಹೊರಟಾಗಿನವು. ಆಮೇಲಿನವು. ಯಾವ "ಬಂತು"ವಿಗೆ ಇವರು ಮೆಟ್ಟಿಲ ಮೇಲೆ ಕೂತರೋ ತಿಳಿಯಲಿಲ್ಲ. ದನಿ ಒಂದಿಷ್ಟೂ ಬದಲಾಗಲಿಲ್ಲ. ಸತ್ತದ್ದೇ ಗೊತ್ತಿಲ್ಲದ ಹಾಗೆ ಮುಂದೆ ಹೋಯಿತು.

ದೀಪ ಹಚ್ಚುವ ಹೊತ್ತಿಗೆ ಶ್ರಾವಣಕ್ಕೆ ತಲುಪಿ ನಿಂತಿತು. ನಾನು ಎದ್ದೆ. ಆಗ ಅದು ಬೇರೆಯೇ ಮಾತಾಡಿತು. ನಾನು ಯಾವತ್ತೂ ಕೇಳದ ಮಾತು.

"ಗಡುವು ಮೀರಿದೆ. ಚೀಟಿ ಗೋಡೆಗೆ ಹಾಕ್ತಾ ಇದೀನಿ. ಸುಧಾ, ಹೆದರ್ಬೇಡ."

ನನ್ನ ಹೆಸರು ಸುಧಾಮಣಿ. ಸುಧಾ ಎಂದು ಕರೆಯುತ್ತಿದ್ದವರು ಇವರೊಬ್ಬರೇ.

ನಾನು ಹೆದರಲಿಲ್ಲ. ಇನ್ನೊಂದು ಸಲ ಅನ್ನಲಿ ಎಂದು ಕಾದೆ. ಅನ್ನಲಿಲ್ಲ.

ಶಿಬಿರ ಮುಗಿದ ದಿನವೇ ಶ್ರೀಕರ್ ಓಡಿಬಂದರು. ಬಾಗಿಲಲ್ಲೇ ಕೇಳಿದರು.

"ಅಕ್ಕ, ಏನ್ ಮಾಡಿದ್ರಿ?"

ಹೇಳಿದೆ. ಅವರು ತಲೆಯ ಮೇಲೆ ಕೈ ಹೊತ್ತು ಕೂತರು.

"ಆ ಕಾಪಿ ತೆಗೆದಾಗ ಒಂದು ಪೇಮೆಂಟ್ ಅರ್ಧ ದಾರೀಲಿತ್ತು. ಇಂತಿಷ್ಟು ಹಾಳೆ ಬರೋದ್ರೊಳಗೆ ಮುಗೀಬೇಕು ಅಂತ ಅದಕ್ಕೊಂದು ಗಡುವು. ಆ ಪೇಮೆಂಟ್ ಆವತ್ತೇ ಮುಗಿದೋಯ್ತು. ಆಮೇಲೆ ನಾವು ಎಷ್ಟೋ ಚೀಟಿ ಬದಲಾಯಿಸಿದ್ವಿ. ಆದ್ರೆ ಕಾಪಿಗೆ ಅದ್ಯಾವುದೂ ಗೊತ್ತಿಲ್ಲ. ಅದರ ಲೆಕ್ಕದಲ್ಲಿ ಇನ್ನೂ ಯುಗಾದಿ. ಗಡುವು ಮೀರಿತು ಅಂತ ತನ್ನ ಹತ್ರ ಇದ್ದ ಚೀಟಿ ಹಾಕಿಬಿಡ್ತು."

"ಸತ್ತ ಚೀಟಿ."

"ಹೂಂ. ನನ್ ಪೆಟ್ಟಿಗೆ ನೋಡ್ತು. ಮೋಸ ಅಂದ್ಕೊಂಡು ಎಲ್ಲಾನೂ ಎಳ್ಕೊಳ್ತು. ನಾನು ಮುಟ್ಟಿಲ್ಲ ಅಕ್ಕ. ಕಣ್ಮುಚ್ಚಿ ಕೂತಿದ್ದೆ ಅಲ್ಲಿ."

ಇವರ ಪಾಲು ಎಷ್ಟಿತ್ತೋ ಅಷ್ಟಕ್ಕೆ ಚೆಕ್ ಬರೆದು ತಂದಿದ್ದರು. ತೆಗೆದುಕೊಂಡೆ. ಬೇಡ ಎನ್ನುವಷ್ಟು ನಮ್ಮಲ್ಲಿಲ್ಲ. ನಾನು ಕೇಳಿದ್ದು ಬೇರೆ.

"ಆ ಮಾತು ಯಾವಾಗ ಹೇಳಿದ್ರು?"

"ನಮ್ಮ ಅಂಗಡೀಲೇ ರೆಕಾರ್ಡ್ ಮಾಡಿದ್ದು. ಗ್ರೈಂಡರ್ ಆಫ್ ಮಾಡ್ಸಿ ಹೇಳಿದ್ರು. 'ನಾನು ಕೆಲಸದ ಮೇಲೆ ಹೊರಗಿದ್ದಾಗ ಹಿಂಗಾದ್ರೆ ಅವಳು ಗಾಬರಿ ಬೀಳ್ತಾಳೆ' ಅಂದ್ರು."

ಆಗ ಪೆಟ್ಟಿಗೆ "ಬಂತು" ಎಂದಿತು. ಶ್ರೀಕರ್ ಬೆಚ್ಚಿದರು.

"ಇನ್ನು ಇದು ಕಾಯೋಕೆ ಏನೂ ಇಲ್ಲ ಅಕ್ಕ. ಚಾನೆಲ್ ಮುಚ್ಚೋಯ್ತು. ಇಟ್ಕೊಂಡ್ರೆ ಸುಮ್ನೆ ಬಂತು ಬಂತು ಅಂತಿರುತ್ತೆ. ಬೇಕಾದ್ರೆ ಇರ್ಲಿ."

ಅವರು ಹೋದ ಮೇಲೆ ಪೆಟ್ಟಿಗೆಯ ಮುಂದೆ ಕೂತೆ. ಕಾಯಲು ಏನೂ ಇಲ್ಲದ ಮನೆಯಲ್ಲಿ ಇವರ ದನಿ ಕೂತಿದೆ. ಕೆಲಸ ಮುಗಿದ ಮೇಲೆ ಕಾಫಿಗೂ ಕೂರದವರು. ನಾನು ಹಿಡಿದು ಕೂರಿಸಿದ್ದೇನೆ.

ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಒಂದು ಸಲ ಕೇಳಿ ಆಮೇಲೆ ಆರಿಸೋಣ ಎಂದುಕೊಂಡೆ. ಅದು ಬರಲೇ ಇಲ್ಲ. ಹಾಲಿನವನು ಬಂದು ಹೋದ. ಬಿಸಿಲು ಹೊಸಿಲು ದಾಟಿತು. ತೋಳು ಸೋತು ಇನ್ನೊಂದು ಕೈ ಇಟ್ಟೆ. ಇವರು ತಡ ಮಾಡಿದರು.

"ಬಂತು."

"ಹೂಂ ಕಣಪ್ಪ," ಎಂದರು ಅತ್ತೆ.

ಒತ್ತಿದೆ.

ಬ್ಯಾಟರಿಗೆ ಈಗ ನಾನೇ ನೀರು ಹಾಕುತ್ತೇನೆ. ಅತ್ತೆ ಊಟ ಮಾಡುತ್ತಾರೆ. ಮನೆ ಸದ್ದಿಲ್ಲದೆ ಇರುವಾಗ ಒಮ್ಮೊಮ್ಮೆ ಅವರು ಒಳಗಿಂದ "ಹೂಂ ಕಣಪ್ಪ" ಎನ್ನುತ್ತಾರೆ. ನಾನು ಯಾರಿಗೆ ಎಂದು ಕೇಳುವುದಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತೇನೆ.