ಕಲ್ಲು ಆರಿಸಿದ ಕಾಳು

ಬಾದಾಮಿ ಕಡೆಯ ವಿರುಪಾಕ್ಷಪ್ಪ ಕಾಳಿನಲ್ಲಿ ಕಲ್ಲು ಕಂಡರೆ ಸಹಿಸುವ ಪೈಕಿಯಲ್ಲ. ದೋಹಾದ ನಜ್ಮಾ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಆರು ಮಂದಿಯ ಅಡುಗೆಗೆ ಬೇಳೆ ಆರಿಸುವ ಕೆಲಸ ಅವನದೇ. ತೊಂಬತ್ತನಾಲ್ಕರಲ್ಲಿ ವೆಲ್ಡಿಂಗ್ ಕೆಲಸ ಹೋಗಿ, ಊರ ಹೊರವಲಯದ ಅರಬ್ ದಣಿಯೊಬ್ಬರ ಹಕ್ಕಿಮನೆಯ ಕೆಲಸಕ್ಕೆ ಸೇರಿದಾಗಲೂ ಈ ಚಾಳಿ ಬಿಡಲಿಲ್ಲ.

ಅಲ್ಲಿ ಒಂದು ಜೋಡಿ ನಿಕೋಬಾರ್ ಪಾರಿವಾಳಗಳಿದ್ದವು. ಹಸಿರು, ತಾಮ್ರ ಕಲೆತ ಮೈಬಣ್ಣ, ಕೊರಳಿನಿಂದ ಇಳಿಬಿದ್ದ ಉದ್ದ ಗರಿ, ಪುಟ್ಟ ಬಿಳಿ ಬಾಲ. ವಿರುಪಾಕ್ಷಪ್ಪನಿಗೆ ಅವೆಂದರೆ ಪ್ರಾಣ. ಅವುಗಳ ಕಾಳನ್ನೂ ತಾಟಿನಲ್ಲಿ ಹರಡಿ, ಒಂದು ಹರಳೂ ಉಳಿಯದಂತೆ ಆರಿಸಿಯೇ ಹಾಕುತ್ತಿದ್ದ. ತಿಂಗಳು ಕಳೆಯುವಷ್ಟರಲ್ಲಿ ಎರಡೂ ಸೊರಗಿ ಮೂಲೆ ಹಿಡಿದವು. ತಿಂದದ್ದು ಅರಗುತ್ತಿರಲಿಲ್ಲ. ಕೆಲಸ ಹೋದರೆ ಹೋಗಲಿ, ಈ ಮೂಕಜೀವಗಳು ತನ್ನ ಕೈಯಲ್ಲಿ ಸಾಯಬಾರದು ಎಂದು ಅವನಿಗೆ ಅನ್ನ ಸೇರದಾಯಿತು.

ಎಷ್ಟು ಆರಿಸಿದರೂ ಎಲ್ಲೋ ಕಲ್ಲು ಉಳಿದಿರಬೇಕು, ತಪ್ಪೆಲ್ಲ ಕಾಳಿನದೇ ಎಂದುಕೊಂಡು, ಆರಿಸಿಟ್ಟ ಕಲ್ಲನ್ನು ಡಬ್ಬಿಯಲ್ಲಿ ತುಂಬಿಕೊಂಡು ಸೂಕ್ ವಾಕಿಫ್ ಪೇಟೆಯಲ್ಲಿ ಕಾಳು ಮಾರುವ ಮಂಗಳೂರಿನ ಝಕರಿಯಾನ ಮೇಲೆ ಜಗಳಕ್ಕೇ ಹೋದ.

“ಏನ್ರೀ ಸಾಹೇಬ್ರ, ಇಷ್ಟ್ ಕಲ್ಲ ಕಲಸಿ ಮಾರ್ತೀರಿ? ನನ್ನ ನಿಕೋಬಾರ್ ಪಾರಿವಾಳ ಸಾಯಾಕ ಹತ್ಯಾವ!”

ಝಕರಿಯಾ ಹಣೆ ಚಚ್ಚಿಕೊಂಡ. “ಅಯ್ಯೋ ಮಾರಾಯ್ರೆ, ಅದನ್ನು ನಾನೇ ಹಾಕುವುದು! ಹಕ್ಕಿಗೆ ಹಲ್ಲು ಉಂಟಾ? ಹೊಟ್ಟೆಯಲ್ಲಿ ಕಲ್ಲಿದ್ದರೆ ಮಾತ್ರ ಕಾಳು ಅರೆಯುವುದು.”

ವಿರುಪಾಕ್ಷಪ್ಪ ಡಬ್ಬಿಯ ಮುಚ್ಚಳ ತೆರೆದು ಹರಳುಗಳನ್ನೇ ನೋಡಿದ. ಝಕರಿಯಾ ದನಿ ತಗ್ಗಿಸಿದ. “ಅವುಗಳ ದ್ವೀಪದಲ್ಲಿ ಕಾಡು ಕಡಿಯುತ್ತಾರೆ, ಬಲೆ ಹಾಕುತ್ತಾರೆ. ಹಡಗಿನಲ್ಲಿ ಬಂದ ಇಲಿ, ಬೆಕ್ಕು ಬೇರೆ. ಇಡುವುದೋ ಒಂದೇ ಮೊಟ್ಟೆ. ಆಭರಣಕ್ಕೆಂದು ಹೊಟ್ಟೆಯ ಕಲ್ಲಿನ ಆಸೆಗೇ ಕೊಲ್ಲುವವರೂ ಇದ್ದಾರಂತೆ.”

ವಿರುಪಾಕ್ಷಪ್ಪನ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. “ನಾ ಹೊರಗ ಕಟ್ಕೊಂಡೀನಿ, ಅವು ಒಳಗ ಇಟ್ಕೊಂಡಾವ. ಅದನ್ನ ನಾನ ಕಸಗೊಂಡ್ನೆಲ್ರೀ!”

ಝಕರಿಯಾ ಬೈಯಲಿಲ್ಲ, ನಗಲೂ ಇಲ್ಲ. ಡಬ್ಬಿಗೆ ಇನ್ನೆರಡು ಹಿಡಿ ಹರಳು ಸೇರಿಸಿ ಅವನ ಕೈಗಿಟ್ಟ.

ವಾರದೊಳಗೆ ಪಾರಿವಾಳಗಳು ಚೇತರಿಸಿಕೊಂಡವು. ಚಳಿಗಾಲದಲ್ಲಿ ಒಂದು ಮೊಟ್ಟೆ, ಆಮೇಲೆ ಒಂದು ಮರಿ. ದಣಿ ಹೆಸರೇನಿಡೋಣ ಎಂದಾಗ ವಿರುಪಾಕ್ಷಪ್ಪ ತಡಮಾಡದೆ “ಝಕರಿಯಾ” ಎಂದ.

ಮರಿ ತಾನೇ ಹೆಕ್ಕಿ ತಿನ್ನುವಷ್ಟಾದ ಮೇಲೆ, ಒಂದು ಶುಕ್ರವಾರ ಆ ಹೆಸರಿನವನನ್ನೇ ಕರೆತಂದ. “ನನ್ನ ಹೆಸರು ಕೆಡಿಸಿದಿರಿ” ಎಂದು ರೇಗಿಸುತ್ತಲೇ ಝಕರಿಯಾ ಕುಕ್ಕುರುಗಾಲಲ್ಲಿ ಕುಳಿತ. ವಿರುಪಾಕ್ಷಪ್ಪ ಅಂಗೈಯಲ್ಲಿ ಕಾಳು, ಕಲ್ಲು ಎರಡನ್ನೂ ಹಿಡಿದು ಮುಂದೆ ಚಾಚಿದ. ಮರಿ ಕೊರಳು ನೀಡಿ, ಕಾಳು ಬಿಟ್ಟು ಹರಳನ್ನೇ ಮೊದಲು ನುಂಗಿತು. ವಿರುಪಾಕ್ಷಪ್ಪನ ಕಣ್ಣು ತುಂಬಿ ಬಂತು. ಇನ್ನೊಂದು ಕೈಯಿಂದ ಝಕರಿಯಾನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.